ಸರ್ಕಾರದ ಪಾಲಿನ ಜೋಳ

ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಪುಣೆಯ ಬಸ್ಸು ಹತ್ತಿದಾಗ ನನ್ನ ಬಳಿ ಎರಡು ಜೊತೆ ಬಟ್ಟೆ ಮತ್ತು ಸೋದರತ್ತೆಗೆಂದು ಕಟ್ಟಿಸಿದ ಬ್ಯಾಡಗಿ ಮೆಣಸಿನಕಾಯಿಯ ಒಂದು ಗಂಟು ಇದ್ದವು. ತಲೆಯ ತುಂಬ ಸಂಶಯವೂ ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಫೆಬ್ರವರಿ ಅದು. ಆಗ ನಾನು ಒಂದು ವಾರಪತ್ರಿಕೆಗೆ ಮಳೆ-ಬೆಳೆ ಸುದ್ದಿ ಬರೆಯುತ್ತಿದ್ದೆ. ಸರ್ಕಾರದ ಇಳುವರಿ ಅಂಕಿಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಕುರ್ಚಿಯ ಮೇಲೆ ಬೆಳೆದ ಜೋಳ ಎಂದು ಒಮ್ಮೆ ಬರೆದೂ ಬಿಟ್ಟಿದ್ದೆ. ಅದನ್ನು ಓದಿ ಪುಣೆಯಿಂದ ಗಿರಿಜಾ ಫೋನು ಮಾಡಿದಳು. ಗಿರಿಜಾ ನನ್ನ ಸೋದರತ್ತೆಯ ಮಗಳು, ಅಲ್ಲಿಯ ಕೃಷಿ ಅಂಕಿಅಂಶದ ಒಂದು ಆಫೀಸಿನಲ್ಲಿ ಅಧಿಕಾರಿ. "ಏ ಪಂಡಿತಾ, ಅಲ್ಲೇ ಕೂತು ನಗಬ್ಯಾಡ. ಒಮ್ಮೆ ಬಂದು ಕಣ್ಣಿಂದ ನೋಡು. ಆಮ್ಯಾಲೆ ಬೇಕಾದಷ್ಟು ನಗು" ಎಂದಳು. ಕರೆದ ಮೇಲೆ ಹೋಗದಿದ್ದರೆ ನಾನು ಪಂಡಿತನೂ ಅಲ್ಲ, ಗಂಡಸೂ ಅಲ್ಲ ಎಂದಾಗುತ್ತಿತ್ತು.

ಟಿಕೆಟ್ಟಿಗೆ ನೂರರ ಮೇಲೆ ಚಿಲ್ಲರೆ, ದಾರಿ ನಾನೂರು ಕಿಲೋಮೀಟರಿಗೂ ಮೇಲೆ. ಬೆಳಗಾವಿ ದಾಟುವವರೆಗೆ ಚಳಿ, ನಿಪ್ಪಾಣಿಯಲ್ಲಿ ತಂಬಾಕಿನ ಘಾಟು, ಕೊಲ್ಹಾಪುರದಲ್ಲಿ ಬಾಯಿ ಸುಡುವ ಮಿಸಳ. ಪಕ್ಕದ ಸೀಟಿನಲ್ಲಿದ್ದ, ಪುಣೆಯ ಕೊಂಢವಾ ಬಡಾವಣೆಯ ಸಿಮೆಂಟು ವ್ಯಾಪಾರಿ, ಮೂಲ ಗೋಕಾಕದವರು, ಸಾತಾರೆಯಲ್ಲಿ ಪೇಢೆಯ ಪೊಟ್ಟಣ ಬಿಚ್ಚಿ "ತಗೋರಿ, ನಾಚಬ್ಯಾಡ್ರಿ" ಎನ್ನುತ್ತ ಅರ್ಧ ತಾವೇ ಮುಗಿಸಿದರು. ರಸ್ತೆಯ ಎರಡೂ ಕಡೆ ಹಿಂಗಾರಿ ಜೋಳ. ಕೆಲವು ಹೊಲಗಳಲ್ಲಿ ಕಿತ್ತು ಮಲಗಿಸಿದ್ದರು, ಕೆಲವು ಇನ್ನೂ ನಿಂತಿದ್ದವು. ಖಂಬಾಟಕಿ ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತು ಎಲ್ಲರನ್ನೂ ಬಿಸಿಲಿಗೆ ಇಳಿಸಿತು. ಪುಣೆಯ ಸ್ವಾರಗೇಟ್ ನಿಲ್ದಾಣಕ್ಕೆ ಬಂದಾಗ ಸಂಜೆಯಾಗಿತ್ತು.

ಅತ್ತೆಯ ಮನೆ ಸದಾಶಿವ ಪೇಠದ ಒಂದು ಹಳೆಯ ವಾಡೆಯ ಮಹಡಿಯ ಮೇಲೆ. ಕೆಳಗೆ ಕೋಚಿಂಗ್ ಕ್ಲಾಸು, ಅದರ ಬಾಗಿಲಲ್ಲಿ ಸ್ಕೂಟರುಗಳ ಸಂತೆ. ಅತ್ತೆ ಮೆಟ್ಟಿಲ ಮೇಲಿಂದಲೇ ರಿಕ್ಷಾದವನ ಜೊತೆ ಮರಾಠಿಯಲ್ಲಿ ಜಗಳ ಮುಗಿಸಿ, ನನ್ನ ಕಡೆ ತಿರುಗಿ, "ಬಾರೋ, ಎಷ್ಟು ಸೊರಗೀದಿ! ಮೆಣಸಿನಕಾಯಿ ತಂದಿಯೋ ಇಲ್ಲೋ?" ಎಂದರು. ಪುಣೆಗೆ ಬಂದು ಮೂವತ್ತು ವರ್ಷವಾದರೂ ಅತ್ತೆಯ ಧಾರವಾಡದ ಬಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮರುದಿನ ಶನಿವಾರ. ಆಫೀಸಿನ ಜೀಪಿನಲ್ಲಿ ಶಿರೂರು ಕಡೆಗೆ ಹೊರಟೆವು. ದಾರಿಯಲ್ಲಿ ಗಿರಿಜಾ ತನ್ನ ಕೆಲಸ ತಿಳಿಸಿದಳು. ಹಳೆಯ ಪದ್ಧತಿ ಎಂದರೆ ಗ್ರಾಮದ ಅಧಿಕಾರಿ ಬದುವಿನ ಮೇಲೆ ನಿಂತು, ಹೊಲದ ಮೇಲೆ ಕಣ್ಣಾಡಿಸಿ, ಹದಿನಾರಾಣೆಯಲ್ಲಿ ಇಷ್ಟಾಣೆ ಬೆಳೆ ಎಂದು ಅಂದಾಜು ಹೇಳುವುದು. ಇವಳ ಪದ್ಧತಿಯಲ್ಲಿ ಹೊಲವನ್ನು ಚೀಟಿ ಎತ್ತಿ ಆರಿಸುತ್ತಾರೆ. ಹೊಲದೊಳಗೆ ಒಂದು ಚೌಕಕ್ಕೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಸುಗ್ಗಿಯ ದಿನ ಅಷ್ಟನ್ನೇ ಕಿತ್ತು, ಬಡಿದು, ತೂರಿ, ತೂಗುತ್ತಾರೆ. ಗೂಟವನ್ನು ಮೂರು ವಾರ ಮೊದಲೇ ಹೊಡೆಯಬೇಕೆಂಬುದು ಅವಳೇ ಮಾಡಿದ ನಿಯಮ.

"ಅಷ್ಟು ಮೊದಲ ಯಾಕ?" ಎಂದೆ.

"ನಮ್ಮ ಆಫೀಸಿನ ಮಂದಿ ಭಾಳ ಶ್ಯಾಣ್ಯಾ ಅದಾರ. ಸುಗ್ಗಿ ದಿವಸಕ್ಕ ಬಿಟ್ರ, ರಸ್ತೆ ಬದೀಗೆ ನೆರಳಿದ್ದ ಕಡೆ ಕೊಯ್ದು ಮನೀಗೆ ಹೋಗ್ತಾರ. ಮೊದಲ ಗೂಟ ಹೊಡದ್ರ ಜಾಗಾ ಬದಲಿ ಮಾಡ್ಲಿಕ್ಕೆ ಬರೂದಿಲ್ಲ."

ಎರಡು ಸುಗ್ಗಿ ಈ ಪ್ರಯೋಗ ನಡೆದಿತ್ತು. ಎರಡರಲ್ಲೂ ಹೊಲಕ್ಕೆ ಹೋದ ಸಿಬ್ಬಂದಿ ಬರೆದು ಕಳಿಸಿದ ತೂಕ ಹಳೆಯ ಅಂದಾಜಿಗಿಂತ ಬಹಳ ಮೇಲೆ ಬಂದಿತ್ತು. ಬದುವಿನ ಮೇಲೆ ನಿಂತವರು ಬೆಳೆಯನ್ನು ಕಡಿಮೆ ಹೇಳುತ್ತಾರೆ ಎಂದು ಇವಳು ಎಲ್ಲ ಸಭೆಗಳಲ್ಲೂ ವಾದಿಸಿದ್ದಳು. ಸೋಮವಾರ ದೊಡ್ಡ ಸಭೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಇಡೀ ವಿಭಾಗಕ್ಕೆ ಇದೇ ಪದ್ಧತಿ, ಅದರ ಉಸ್ತುವಾರಿ ಗಿರಿಜಾಳಿಗೆ. ಹೇಳುವಾಗ ಅವಳ ಮುಖ ಹಬ್ಬದ ದಿನದ ಹುಡುಗಿಯಂತಿತ್ತು. ನಾನು ನಗಲಿಕ್ಕೆ ಬಂದವನು, ನಗುವುದನ್ನು ಮರೆತು ಕೇಳಿದೆ.

ಹೊಲದ ಒಡೆಯ ಧೋಂಡಿಬಾ, ಅವನ ಹೆಂಡತಿ ಕಾಶೀಬಾಯಿ. "ಯಾ, ಬಸಾ" ಎಂದು ಬೇವಿನ ಕೆಳಗೆ ಕಂಬಳಿ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ಆಮೇಲೆ ಚೌಕ ತೋರಿಸಲು ಕರೆದುಕೊಂಡು ಹೋದರು. ಹೋಗಿ ನೋಡಿದರೆ ಏನು ಹೇಳಲಿ! ಸುತ್ತಲಿನ ತೆನೆಗಳನ್ನು ಗುಬ್ಬಿ-ಗಿಳಿಗಳು ಕುಕ್ಕಿ ಬೋಳು ಮಾಡಿದ್ದವು. ಹಗ್ಗದೊಳಗಿನ ತೆನೆಗಳು ಮಾತ್ರ ಕೈತುಂಬ, ಮುತ್ತು ಪೋಣಿಸಿದ ಹಾಗೆ. ನಾಲ್ಕು ಗೂಟಗಳಿಗೆ ಹಳೆಯ ಸೀರೆಯನ್ನು ಸುತ್ತಲೂ ಬಿಗಿದಿದ್ದರು. ಒಂದು ಗೂಟದ ಮೇಲೆ ದೃಷ್ಟಿಗೆಂದು ಹರಿದ ಚಪ್ಪಲಿ.

ಗಿರಿಜಾ ನಿಂತಲ್ಲೇ ನಿಂತಳು. "ಮೌಶೀ, ಇದನ್ನು ಯಾರು ಕಾದರು?" ಎಂದು ಮರಾಠಿಯಲ್ಲಿ ಕೇಳಿದಳು.

"ನಾನೇ" ಎಂದಳು ಕಾಶೀಬಾಯಿ, ಕೈಯಲ್ಲಿದ್ದ ಕವಣೆ ತೋರಿಸಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಲ್ಲೇ ಕೂತು ಹಕ್ಕಿ ಹೊಡೆದಳಂತೆ. ಬಾವಿಯಲ್ಲಿ ಇದ್ದಷ್ಟು ನೀರನ್ನೂ ಮೊದಲು ಇಲ್ಲಿಗೇ ಬಿಟ್ಟರಂತೆ.

"ಉಳಿದ ಹೊಲ?"

"ಅದು ನಮ್ಮದಲ್ಲವೇ ಬಾಯಿ? ನಮ್ಮದನ್ನು ಹಕ್ಕಿ ತಿಂದರೆ ತಿನ್ನಲಿ. ಇದು ಸರ್ಕಾರದ ಪಾಲು. ತುಮಚಾಚ ಆಹೇ, ನಿಮ್ಮದೇ. ಇನ್ನೊಬ್ಬರ ಪಾಲು ನಮ್ಮ ಹೊಲದಲ್ಲಿ ನಿಂತಿರುವಾಗ ಒಂದು ಕಾಳು ಕಡಿಮೆಯಾದರೂ ನಾವು ಮುಖ ತೋರಿಸುವುದು ಹೇಗೆ?"

ಗೂಟ ಹೊಡೆದು ಹಗ್ಗ ಕಟ್ಟಿದ್ದನ್ನು ಅವರು ಸರ್ಕಾರ ತನ್ನ ಭಾಗ ಗುರುತು ಮಾಡಿಟ್ಟಿತೆಂದು ತಿಳಿದಿದ್ದರು. ತೂಗಿದ ಮೇಲೆ ಕಾಳು ಅವರಿಗೇ ಮರಳುತ್ತದೆಂದು ಗೂಟ ಹೊಡೆದವರು ಯಾರೂ ಹೇಳಿರಲಿಲ್ಲ. ಅಯ್ಯೋ ದೇವರೇ, ಕದ್ದು ಅಂಕಿ ಕೆಡಿಸುವವರನ್ನು ನಾನು ಕಂಡಿದ್ದೆ, ಇಷ್ಟು ಪ್ರಾಮಾಣಿಕವಾಗಿ ಕೆಡಿಸುವವರನ್ನು ಎಂದೂ ಕಂಡಿರಲಿಲ್ಲ.

ಸುಮ್ಮನೆ ಅದನ್ನೇ ಕೊಯ್ದು ತೂಗಿ ಬರಬಹುದಿತ್ತು. ಗಿರಿಜಾ ಕೊಯ್ಯಿಸಿದಳು, ತೂಗಿಸಿದಳು. ಆಮೇಲೆ, ಅದೇ ಹೊಲದಲ್ಲಿ ಇನ್ನೊಂದು ಚೌಕ ಈಗಲೇ ಹಾಕೋಣ ಎಂದಳು. ಕ್ರಮವಿಲ್ಲದೆ ಬರೀ ಅಂಕಿಗಳನ್ನೇ ಅಚ್ಚು ಹಾಕಿದ ಒಂದು ಪುಸ್ತಕ ತೆಗೆದು, ಕಣ್ಣು ಮುಚ್ಚಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಬೆರಳಡಿ ಸಿಕ್ಕ ಅಂಕಿಯಂತೆ ಹೊಲದ ನೈಋತ್ಯ ಮೂಲೆಯಿಂದ ಅಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ನಡೆಯಬೇಕು.

"ನೈಋತ್ಯ ಯಾಕ? ವಾಸ್ತು ನೋಡ್ತೀರೇನು?" ಎಂದು ನಾನು ಚೇಷ್ಟೆ ಮಾಡಿದೆ. ಅವಳು ಆಗಲೇ ಹೆಜ್ಜೆ ಎಣಿಸುತ್ತ ಹೊರಟಿದ್ದಳು.

ಹೊಸ ಚೌಕ ಬಿದ್ದದ್ದು ಬೇವಿನ ನೆರಳಿನ ಅಂಚಿಗೆ, ಹೊಲದಲ್ಲೇ ಅತಿ ಕೆಟ್ಟ ಜಾಗಕ್ಕೆ. ಧೋಂಡಿಬಾ ಓಡಿ ಬಂದು ಅಡ್ಡ ನಿಂತ. "ಅಲ್ಲಿ ಬೇಡ ಬಾಯಿ! ಅಲ್ಲಿಯ ತೂಕ ಬರೆದರೆ ಇಡೀ ತಾಲೂಕು ನನ್ನ ಹೆಸರು ಹೇಳಿ ನಗುತ್ತದೆ. ಇಲ್ಲಿ ಬನ್ನಿ, ಈ ಕಡೆ ಚೆಂದ ಇದೆ." ಹೆಸರು ಬರೆಯುವುದಿಲ್ಲ ಎಂದರೂ ಅವನು ನಂಬಲಿಲ್ಲ. ಗಿರಿಜಾ ಕೈಮುಗಿದು, "ದಾದಾ, ಅಂಕಿ ಎಲ್ಲಿ ಅಂದಿತೋ ಅಲ್ಲೇ. ನಿಮ್ಮ ಮರ್ಯಾದೆ ನನ್ನ ಮರ್ಯಾದೆ" ಎಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡು ಸರಿದ. ಬಡಿದು ತೂರಿ ತೂಗಿದಾಗ, ಕಾಶೀಬಾಯಿಯ ಚೌಕ ಹೊಸ ಚೌಕದ ಎರಡು ಪಟ್ಟಿಗೂ ಹೆಚ್ಚು ತೂಗಿತು. ಗಿರಿಜಾ ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದೇ ಕೆಟ್ಟ ಮೂಲೆ ನಂಬಿ ಹೇಳಬಾರದು ಎಂದು ಮತ್ತೆರಡು ಕಡೆ ಪುಸ್ತಕ ಕೇಳಿ ಚೌಕ ಹಾಕಿಸಿದಳು. ಅವು ಸ್ವಲ್ಪ ಮೇಲೆ ಬಂದವು, ಆದರೆ ಕಾವಲಿನ ಚೌಕದ ಹತ್ತಿರಕ್ಕೂ ಬರಲಿಲ್ಲ.

ಕಾಳನ್ನೆಲ್ಲ ಕಾಶೀಬಾಯಿಯ ಮೊರಕ್ಕೆ ಸುರಿದರೆ ಆಕೆ ಹಿಂದೆ ಸರಿದಳು. "ನಾವು ಕೊಟ್ಟದ್ದು ಸಾಕಾಗಲಿಲ್ಲವೇ?" ಎಂದು ಕೇಳುವಾಗ ಅವಳ ಕಣ್ಣಲ್ಲಿ ನೀರಾಡಿತು. ಗಿರಿಜಾ ಅವಳ ಪಕ್ಕ ಕೂತು ನಿಧಾನವಾಗಿ ಬಿಡಿಸಿ ಹೇಳಿದಳು. ಎಲ್ಲ ಕೇಳಿದ ಕಾಶೀಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಹಾಗಾದರೆ ನನ್ನ ಹೊಲವನ್ನೆಲ್ಲ ಹಕ್ಕಿಗೆ ಕೊಟ್ಟು ನನ್ನದನ್ನೇ ನಾನು ಕಾದೆನೇ?" ಎಂದು ತನ್ನ ಹಣೆ ತಾನೇ ಚಚ್ಚಿಕೊಂಡಳು. ನಮಗೆ ಜೋಳದ ಭಾಕರಿ, ಹಸಿಮೆಣಸಿನ ಠೇಚಾ, ಹಸಿ ಈರುಳ್ಳಿ ಬಡಿಸಿ, ಉಂಡ ಮೇಲೆಯೇ ಬಿಟ್ಟಳು.

ಅಂದೇ ಇನ್ನೆರಡು ಹಳ್ಳಿ ನೋಡಿದೆವು. ಒಂದರಲ್ಲಿ ಚೌಕಕ್ಕೆ ಅರಿಶಿನ-ಕುಂಕುಮ ಹಚ್ಚಿ, ಬೆದರುಬೊಂಬೆ ನಿಲ್ಲಿಸಿದ್ದರು. ಇನ್ನೊಂದರಲ್ಲಿ ಗೊಬ್ಬರ ಹಾಕಿದ್ದರು. "ಹೋದ ವರ್ಷದ ಚೌಕಕ್ಕೂ ಹೀಗೇನಾ?" ಎಂದು ಗಿರಿಜಾ ಕೇಳಿದಾಗ ಅವರು ಹೆಮ್ಮೆಯಿಂದ, "ಪ್ರತಿ ವರ್ಷ!" ಎಂದರು.

ಮರಳಿ ಜೀಪು ಹತ್ತಿದೆವು. ಲೋಣಿಕಂದ ಊರಿನ ಹತ್ತಿರ ಬಂದಾಗ ಗಿರಿಜಾ ಹೇಳಿದಳು. "ಎರಡು ವರ್ಷದ್ದೂ ಸುಳ್ಳು. ನನ್ನ ನಿಯಮನ ಅದನ್ನ ಕೆಡಿಸೇದ. ಸೋಮವಾರ ಹೇಳಬೇಕು."

ಭಾನುವಾರ ಇಡೀ ದಿನ ಅತ್ತೆಗೂ ಮಗಳಿಗೂ ಜಗಳ. "ತನ್ನ ಕಾಲ ಮ್ಯಾಲೆ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳಿಕ್ಕೆ ಹೊಂಟಾಳ ನೋಡು ಇಕಿ" ಎಂದು ಅತ್ತೆ ನನ್ನ ಮುಂದೆ ಗೋಳಾಡಿದರು. "ನಾಳೆ ಸುಮ್ಮನ ಒಪ್ಪಿಗಿ ತಗೋ. ಮುಂದಿನ ವರ್ಷ ಗಪ್‌ಚುಪ್ ಸರಿ ಮಾಡು. ಯಾರು ಕೇಳ್ತಾರ?"

ನನಗೂ ಅತ್ತೆಯ ಮಾತೇ ಸರಿ ಅನಿಸಿತ್ತು, ಹಾಗೆಂದು ಹೇಳಿದೆ ಕೂಡ. ಗಿರಿಜಾ ಅಕ್ಕಿ ಆರಿಸುತ್ತಿದ್ದ ತಟ್ಟೆ ಕೆಳಗಿಟ್ಟಳು. "ಬೆಳಿ ಚೊಲೊ ಬಂದದಂತ ನಾ ಬರದ್ರ, ಬೆಳಿ ಹೋದ ತಾಲೂಕಿಗೆ ಸರ್ಕಾರ ಒಂದು ಚೀಲ ಧಾನ್ಯಾನೂ ಕಳಸೂದಿಲ್ಲ. ಒಂದು ವರ್ಷ ಅಂತೀಯಲ್ಲಾ, ಆ ವರ್ಷ ಅವರು ಏನು ತಿನ್ನಬೇಕು?" ಎಂದಳು. ಅತ್ತೆ ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದರು.

ಸೋಮವಾರ ನಾನೂ ಆಫೀಸಿಗೆ ಹೋದೆ. ಕ್ಯಾಂಪ್ ಎಂಬ ದಂಡಿನ ಪ್ರದೇಶದ ಹಳೆಯ ಕಲ್ಲುಕಟ್ಟಡ, ಎತ್ತರದ ಛಾವಣಿ. ಸಭೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಚಹಾದ ಮೇಲೆ ಚಹಾ ಕುಡಿದೆ. ಒಳಗೆ ಮೊದಲು ಅವಳ ದನಿ ಸಮವಾಗಿ ಕೇಳಿತು. ಆಮೇಲೆ ಗಂಡಸರ ದನಿ ಏರಿತು, ಯಾರೋ ಗಟ್ಟಿಯಾಗಿ ನಕ್ಕರು.

ಹೊರಗೆ ಬಂದವಳ ಮುಖ ಕೆಂಪಾಗಿತ್ತು. "ಏನಾತು?" ಎಂದೆ.

"ಒಬ್ರು ಹಿರಿಯರು ಕೇಳಿದ್ರು, ಹಂಗಾರ ನಮ್ಮ ಹಳೇ ಅಂದಾಜ ಖರೇಕ ಹತ್ತರ ಇತ್ತೇನು ಬಾಯಿ, ಅಂತ. ಇರಬಹುದು ಸರ್, ನಂಗ ಗೊತ್ತಿಲ್ಲ, ನನ್ನ ಅಂಕಿ ಅಂತೂ ತಪ್ಪು ಅಂದೆ. ಎಲ್ಲಾರೂ ನಕ್ರು."

"ಆಮ್ಯಾಲೆ?"

"ಎರಡು ವರ್ಷದ ತೂಕ ರದ್ದು. ವಿಭಾಗದ ಉಸ್ತುವಾರಿ ಬ್ಯಾರೆಯವರಿಗೆ. ಪ್ರಯೋಗ ಒಂದು ವರ್ಷ ಮುಂದುವರಸ್ತೀನಿ, ಗೂಟ ಸುಗ್ಗಿ ದಿವಸ ಮುಂಜಾನೆ ಹೊಡೀತೀನಿ, ಜಾಗಾ ಅಲ್ಲೇ ಪುಸ್ತಕ ನೋಡಿ ಆರಸ್ತೀನಿ, ನಮ್ಮ ಮಂದಿ ಮೋಸ ಮಾಡದಂಗ ನಾನ ಸಂಗಾಟ ನಿಲ್ತೀನಿ ಅಂದೆ. ಕೊಟ್ರು. ಬ್ಯಾರೆ ಯಾರಿಗೂ ಬೇಕಾಗಿರಲಿಲ್ಲ, ಹಾಳೂರಿಗೆ ಉಳದಾಕೀನ ಗೌಡತಿ." ನಗಲು ಹೋದಳು, ಆದರೆ ಅತ್ತಳು. ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತು, ಮೂಗು ಒರೆಸಿಕೊಂಡು, "ಹಸಿವ್ಯಾಗೇದ, ನಡಿ" ಎಂದಳು. ಖಾನಾವಳಿಯಲ್ಲಿ ನನಗಿಂತ ಒಂದು ಭಾಕರಿ ಹೆಚ್ಚೇ ಉಂಡಳು. ಗಿರಿಜಾಳ ಬಗ್ಗೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಆಗಿರಲಿಲ್ಲ. ಹಾಗೆಂದು ಹೇಳಿದಾಗ, "ಸುಮ್ಮನ ಉಣ್ಣು" ಎಂದು ಗದರಿಸಿದಳು.

ಮಂಗಳವಾರ ಬೆಳಿಗ್ಗೆ ಎದ್ದರೆ ಮನೆಯಲ್ಲಿ ಗಿರಿಜಾ ಇಲ್ಲ. ಅತ್ತೆ ನನ್ನ ದಾರಿಯ ಬುತ್ತಿ ಕಟ್ಟುತ್ತ ಗೊಣಗಿದರು. "ಎಲ್ಲೋ ತಡಾ ಬಿತ್ತಿದ ಹೊಲ ಇನ್ನೂ ನಿಂತಾವಂತ. ಸುಗ್ಗಿ ಮುಗಿಯೂದ್ರಾಗ ಮೊದಲಿಂದ ತೂಗಬೇಕಂತ ಹೋದ್ಲು. ನಿನಗ ಹೇಳ್ಲಿಕ್ಕೂ ನಿಲ್ಲಲಿಲ್ಲ." ಬುತ್ತಿಯ ಗಂಟು ಬಿಗಿಯುತ್ತ ಮತ್ತೆ, "ಬುತ್ತಿ ಮಾತ್ರ ಎರಡು ಕಟ್ಟಿಸಿಕೊಂಡು ಹೋಗ್ಯಾಳ. ಅಲ್ಲಿ ಹೊಲದವರಿಗೂ ಬೇಕಂತ" ಎಂದರು. ಅತ್ತೆಯ ಸಿಟ್ಟು ಎಲ್ಲಿ ಹೋಗಿತ್ತೋ, ಮುಖದ ತುಂಬ ಮಗಳೇ ಇದ್ದಳು.

ಬಸ್ಸು ಕಾತ್ರಜ ಘಾಟು ಏರುವಾಗ ಹಿಂದೆ ಪುಣೆ ಮಂಜಿನಲ್ಲಿ ಅರ್ಧ ಕಂಡಿತು, ಅರ್ಧ ಮರೆಯಾಯಿತು. ದಾರಿಯಲ್ಲಿ ನಿಂತ ಜೋಳದ ಹೊಲ ಕಂಡಾಗಲೆಲ್ಲ ಇದು ಎಷ್ಟಾಣೆ ಎಂದು ಕಣ್ಣು ತಾನಾಗಿ ಅಳೆಯಲು ಹೋಗುತ್ತಿತ್ತು. ನಾನು ಕಣ್ಣು ಮುಚ್ಚಿ ನಿದ್ದೆ ಮಾಡಿದೆ.

ಬುಧವಾರ ಆಫೀಸಿಗೆ ಕಾಲಿಡುತ್ತಲೇ ನಮ್ಮ ಸಂಪಾದಕರು, "ಪುಣೆ ಸೀಮಿ ನೋಡಿ ಬಂದ್ರಲ್ಲ, ಈ ಸಲ ಅಲ್ಲಿ ಜೋಳ ಎಷ್ಟು ಬಂದದ? ಪುಟ ಕಟ್ಟಬೇಕು, ಲಗೂನ ಹೇಳ್ರಿ" ಎಂದರು.

"ಗೊತ್ತಿಲ್ರಿ" ಎಂದೆ.

"ಗೊತ್ತಿಲ್ಲಂತ ಅಚ್ಚು ಹಾಕ್ಲೇನು?"

"ಹಾಕ್ರಿ. ಅಲ್ಲೊಬ್ಬಾಕಿ ಇನ್ನೂ ತೂಗ್ಲಿಕ್ಕೆ ಹತ್ಯಾಳ."