ಹಬ್ಬದ ಹೊಸ ನೀರು, ನಾಲ್ಕು ಮೀನು

ಅದು 2003ರ ದೀಪಾವಳಿಯೋ 2004ರದ್ದೋ, ಖಚಿತವಾಗಿ ಹೇಳಲಾರೆ. ಮೀನಿನ ತೊಟ್ಟಿಯ ನೀರನ್ನು ಒಮ್ಮೆಲೇ ಬದಲಾಯಿಸಬಾರದೆಂದು ಅಮ್ಮನಿಗೆ ಹೇಳಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. ಹೇಳಿದ್ದೆ ಎಂದು ವಾದಿಸುತ್ತಾ ಬಂದಿದ್ದೇನೆ. ನನ್ನ ವಾದವನ್ನು ನಾನೇ ಪೂರ್ತಿ ನಂಬುವುದಿಲ್ಲ.

ಆಗ ದೆಹಲಿಯ ಕರೋಲ್ ಬಾಗ್‌ನಲ್ಲಿ ನಮ್ಮ ಬಾಡಿಗೆ ಮನೆ. ಏಳು ವರ್ಷದ ಮಗಳು ಅನಘಾಳ ಹಟಕ್ಕೆ ಗಾಜಿನ ತೊಟ್ಟಿ ತಂದು, ಮರಳು ತೊಳೆದು ಹಾಸಿ, ಗಾಳಿಯ ಪಂಪು ಕೂರಿಸಿ ನಾಲ್ಕು ಗೋಲ್ಡ್ ಫಿಶ್ ಬಿಟ್ಟಿದ್ದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಕ್ಲೋರಿನ್ ಹಾರಿಹೋಗಲೆಂದು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರು ಸೇರಿಸುವುದು ನನ್ನ ಕೆಲಸ.

ತುಮಕೂರಿನಿಂದ ಬಂದಿದ್ದ ಅಮ್ಮನಿಗೆ ಅಂದು ನೀರು ತುಂಬುವ ಹಬ್ಬ. ಪಾತ್ರೆಗಳನ್ನೆಲ್ಲ ತಿಕ್ಕಿ ಹೊಸ ನೀರು ತುಂಬಿದವಳು, ಪಾಪ ಮೀನಿಗೆ ಮಾತ್ರ ಹಳೇ ನೀರೇಕೆಂದು ತೊಟ್ಟಿಯನ್ನೂ ಬರಿದು ಮಾಡಿ, ಆಗಷ್ಟೇ ಬಂದ ನಲ್ಲಿ ನೀರು ಸುರಿದಿದ್ದಳು. ನಾನು ಆಫೀಸಿನಿಂದ ಬರುವಾಗ ಮೀನುಗಳು ಮೇಲೆ ತೇಲಿ ಬಾಯಿ ಬಿಡುತ್ತಿದ್ದವು. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯಿತು.

"ಪಪ್ಪಾ, ಕುಛ್ ಕರೋ ನಾ! ಸತ್ತೋಗ್ತವೆ!" ಏನಾದರೂ ಮಾಡು ಎಂದು ಅನಘಾ ಅಳುತ್ತಿದ್ದಳು.

ಅಮ್ಮ ಗೋಡೆಗೊರಗಿ ಕೂತಿದ್ದಳು. "ಹಬ್ಬದ ದಿನವೇ ಮಗೂನ ಮೀನು ಕೊಂದೆನಲ್ಲೋ ನಾನು."

ಹಿಡಿದಿಟ್ಟ ನೀರೂ ಇರಲಿಲ್ಲ. ಆ ಬಕೆಟ್ಟನ್ನೂ ತೊಳೆದು ತುಂಬಿಯಾಗಿತ್ತು.

ಮೀನಿನ ಅಂಗಡಿಗೆ ಓಡಿದೆ. ಷಟರ್ ಎಳೆದಿತ್ತು. ಪಕ್ಕದ ಫೋಟೊ ಸ್ಟುಡಿಯೋದಲ್ಲಿ ಹೊಸ ಬಟ್ಟೆ ತೊಟ್ಟ ಕುಟುಂಬವೊಂದು ಕ್ಯಾಮೆರಾ ಮುಂದೆ ಕೂತಿತ್ತು. ಬಾಗಿಲಲ್ಲಿ ನನ್ನನ್ನು ಕಂಡ ಸ್ಟುಡಿಯೋದ ಸರ್ದಾರ್ಜಿ, "ಕ್ಯಾ ಹುವಾ, ಭಾಯಿಸಾಬ್?" ಎಂದರು. ಆದದ್ದನ್ನು ಹೇಳಿದೆ. ಆ ಕುಟುಂಬವನ್ನು ಹಾಗೇ ಕೂರಿಸಿ, ಡಾರ್ಕ್ ರೂಮಿಗೆ ಹೋಗಿ, ಕಲ್ಲುಪ್ಪಿನಂಥ ಹರಳುಗಳನ್ನು ಪೊಟ್ಟಣ ಕಟ್ಟಿ ತಂದರು. ಹೈಪೋ ಅಂತೆ. ನಾಲ್ಕೇ ಹರಳು, ಒಂದು ಲೋಟ ನೀರಿನಲ್ಲಿ ಕರಗಿಸಿ ತೊಟ್ಟಿಗೆ ಹಾಕಬೇಕಂತೆ.

ಫೋಟೊ ತೊಳೆಯುವ ರಾಸಾಯನಿಕವನ್ನು ಮೀನಿಗೆ ಹಾಕುವುದೇ ಎಂದು ಕೇಳಿಯೇಬಿಟ್ಟೆ.

"ಅರೇ ಯಾರ್, ಪೆಹಲೇ ಮಛಲಿ ಬಚಾವೋ, ಬೆಹಸ್ ಬಾದ್ ಮೇ!" ಮೊದಲು ಮೀನು ಉಳಿಸು, ವಾದ ಆಮೇಲೆ ಎಂದು ಹೆಚ್ಚುಕಡಿಮೆ ದಬ್ಬಿಯೇ ಕಳಿಸಿದರು.

ಮನೆಯಲ್ಲಿ ಲೋಟ ಹಿಡಿದು ನಿಂತೆ. ಇದು ವಿಷವಾದರೆ? ಆಮೇಲೆ ಕೊಂದವನು ನಾನಾಗುತ್ತೇನೆ.

"ನಿನ್ನ ಎಂ.ಎ. ಓದೆಲ್ಲ ಅಲ್ಲೇ ಇಟ್ಟು ಅದನ್ನ ಹಾಕೋ ಮಾರಾಯ!" ಅಮ್ಮ ಗದರಿದಳು. ಹಾಕಿದೆ.

ಅರ್ಧ ಗಂಟೆಯಾಗಿತ್ತು ಎನ್ನುತ್ತಾಳೆ ಅನಘಾ. ನನಗೆ ಇನ್ನೂ ಹೆಚ್ಚೆನಿಸುತ್ತದೆ. ಒಂದು ಮೀನು ಕೆಳಗಿಳಿದು ಮೂತಿಯಿಂದ ಮರಳು ಕೆದಕಿತು. ಮತ್ತೆರಡು ಹಿಂಬಾಲಿಸಿದವು. ನಾಲ್ಕನೆಯದು ನಮ್ಮನ್ನೆಲ್ಲ ಸತಾಯಿಸಿ ಕೊನೆಗೆ ಇಳಿಯಿತು. ಅಮ್ಮ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ತೊಟ್ಟಿಯ ಮುಂದೊಂದು ಹಣತೆ ಇಟ್ಟಳು.

ಆ ಲೋಟ ಹಿಡಿದು ಅನುಮಾನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಹಾಗಿದ್ದೂ ಹಬ್ಬ ಕಳೆದ ಮೇಲೆ ಮೀನಿನ ಅಂಗಡಿಗೆ ಹೋಗಿ, ಕ್ಲೋರಿನ್ ತೆಗೆಯಲು ಅವರು ಮಾರುವ ಬಾಟಲಿಯ ಮೇಲಿನ ಚೀಟಿ ಓದಿದೆ: ಸೋಡಿಯಂ ಥಯೋಸಲ್ಫೇಟ್. ಲೈಬ್ರರಿಯ ರಸಾಯನಶಾಸ್ತ್ರದ ಪುಸ್ತಕದಲ್ಲಿ ಹೈಪೋ ಎಂದರೇನೆಂದು ಹುಡುಕಿದೆ. ಅಲ್ಲಿಯೂ ಅದೇ ಹೆಸರಿತ್ತು.