ಎತ್ತದ ಫೋನಿಗೆ ಲೆಕ್ಕವಿಲ್ಲ

ಬಹುಮಾನವಾಗಿ ಬಂದ ಹಾಟ್ ಬಾಕ್ಸ್ ಇವತ್ತಿಗೂ ನಮ್ಮ ಮನೆಯ ಅಟ್ಟದ ಮೇಲಿದೆ. ಅದರಲ್ಲಿ ನಾನು ಒಂದೇ ಒಂದು ರೊಟ್ಟಿ ಇಟ್ಟಿಲ್ಲ. ಬಳಸೋಣವೆಂದರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ, ಎಸೆಯೋಣವೆಂದರೆ ಕಾರವಾರದ ಗ್ರಾಹಕರ ವೇದಿಕೆಯ ಮೇಜಿನ ಮೇಲೆ ಕೂತು ಬಂದ ಸಾಮಾನು ಅದು. ನನ್ನ ಪರವಾಗಿ ಅಲ್ಲಿ ಕೊನೆಯವರೆಗೆ ಗಟ್ಟಿಯಾಗಿ ನಿಂತದ್ದು ಅದೊಂದೇ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ದಾಂಡೇಲಿಗೆ ಮೊಬೈಲ್ ಬಂದ ಹೊಸತು. ನಮ್ಮ ಓಣಿಯಲ್ಲಿ ಮೊದಲು ಫೋನ್ ಹಿಡಿದ ಹೆಂಗಸು ನಾನೇ. ಜಂಬ ಇರಲಿಲ್ಲ ಎಂದರೆ ಸುಳ್ಳಾದೀತು. ನಾನು ಬ್ಲೌಸ್ ಹೊಲಿಯುತ್ತಿದ್ದೆ. ಗಿರಾಕಿಗಳು ಕಾಗದದ ಮಿಲ್ಲಿನ ಕ್ವಾರ್ಟರ್ಸಿನಿಂದ ಸುಮ್ಮನೆ ನಡೆದು ಬಂದು ವಾಪಸ್ ಹೋಗುವುದು ಬೇಡವೆಂದು ನಮ್ಮ ಮನೆಯವರೇ ಕೊಡಿಸಿದ್ದರು. ಅವರು ಮಿಲ್ಲಿನಲ್ಲಿ ಪಾಳಿ ಕೆಲಸದವರು, ಧಾರವಾಡ ಕಡೆಯಿಂದ ಬಂದು ನೆಲೆ ನಿಂತವರು.

ಫೋನ್ ಇತ್ತು ನಿಜ, ಮಾತಾಡುವ ಧೈರ್ಯ ಯಾರಿಗಿತ್ತು? ಕರೆನ್ಸಿ ಖರ್ಚಾದೀತೆಂದು ನಾವೆಲ್ಲ ಮಿಸ್ ಕಾಲಿನಲ್ಲೇ ಸಂಸಾರ ಮಾಡಿದವರು. ಮಿಲ್ಲಿನ ಗೇಟಿನ ಎದುರು ಒಂದು ಕಾಯಿನ್ ಬಾಕ್ಸ್ ಇತ್ತು. ಆ ಕೆಂಪು ಡಬ್ಬಿಯಲ್ಲಿ, ಈಚೆ ಕಡೆಯವರು ಎತ್ತಿದ ಮೇಲಷ್ಟೇ ನಾಣ್ಯ ಹಾಕಬೇಕು, ಎತ್ತದಿದ್ದರೆ ಪುಕ್ಕಟೆ. ನಮ್ಮ ಮನೆಯವರು ಅದರಿಂದ ಒಮ್ಮೆ ಮಿಸ್ ಕಾಲ್ ಕೊಟ್ಟರೆ ಪಾಳಿ ಬಿಟ್ಟಿತು, ಚಹಕ್ಕೆ ಇಡು ಎಂದರ್ಥ. ಅವರು ಸೈಕಲ್ ನಿಲ್ಲಿಸುವುದಕ್ಕೂ ಚಹ ಉಕ್ಕುವುದಕ್ಕೂ ಸರಿಹೋಗುತ್ತಿತ್ತು. ಆ ಒಂದು ರಿಂಗಿನಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಈಗ ನೆನೆಸಿಕೊಂಡರೆ ಅಳು ಬರುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ.

ಜೊಯಿಡಾದಲ್ಲಿ ನನ್ನ ಅಕ್ಕ ಇದ್ದಳು. ಅವಳ ಗಂಡನಿಗೆ ಗೋವಾ ಗಡಿಯ ಅನಮೋಡದ ತಪಾಸಣೆ ನಾಕಾದಲ್ಲಿ ದಿನಗೂಲಿ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಹರಕೆ ಹೊತ್ತು ಹೊತ್ತು ಸುಸ್ತಾಗಿ, ಇನ್ನು ಸಾಕು ತಾಯಿ ಎಂದು ದೇವರಿಗೇ ಕೈಮುಗಿದು ಬಿಟ್ಟ ಮೇಲೆ ಅಕ್ಕ ಬಸಿರಾದಳು. ನಮ್ಮ ಅವ್ವ ಇಲ್ಲ, ಹೀಗಾಗಿ ಅಕ್ಕನಿಗೆ ತವರೆಂದರೆ ನನ್ನ ಮನೆಯೇ. ಏಳನೆಯ ತಿಂಗಳಲ್ಲಿ ಸೀಮಂತಕ್ಕೆ ಕರೆಸಿ, ನನ್ನ ಕೈಯಾರೆ ಹಸಿರು ಖಣದ ಕುಬಸ ಹೊಲಿದು ತೊಡಿಸಿ, ಹೆಂಗಸರನ್ನು ಕರೆದು ಆರತಿ ಮಾಡಿಸಿದ್ದೆ. ಒಂಬತ್ತರಲ್ಲಿ ಬಂದು ಇಲ್ಲೇ ಹೆರಿಗೆ ಮಾಡಿಸಿಕೊಳ್ಳುವುದೆಂದು ಮಾತಾಗಿತ್ತು.

ಜೊಯಿಡಾ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಬರುವುದೋ ಅದರ ಡ್ರೈವರನಿಗೂ ಗೊತ್ತಿರುವುದಿಲ್ಲ. ಅದಕ್ಕೇ ನಮ್ಮ ಮನೆಯವರು ಒಂದು ಉಪಾಯ ಹೇಳಿದ್ದರು. ‘ನಡುವ ಏನರ ಹೆಚ್ಚು ಕಮ್ಮಿ ಆದ್ರ ಮೂರು ಸಲ ಮಿಸ್ ಕಾಲ್ ಕೊಡ್ರಿ. ಮೂರು ಬಂದ್ವು ಅಂದ್ರ ನಾವು ಏನೂ ಕೇಳಂಗಿಲ್ಲ, ಗೆಳ್ಯಾನ ಟ್ರ್ಯಾಕ್ಸ್ ಗಾಡಿ ಹೊರಡಸ್ತೇನಿ. ನೀವು ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಿನ್ಯಾಗ ಕುಂತಿರ್ರಿ.’

ಅಕ್ಕ ನನ್ನ ನಂಬರನ್ನು ಬಾಯಿಪಾಠ ಮಾಡಿದಳು. ಗಂಡನಿಗೂ ಮಾಡಿಸಿದಳು.

ಆಗಲೇ ದಸರೆ ಬಂತು. ನನಗೆ ಸಿಮ್ ಕೊಟ್ಟಿದ್ದ ಕಂಪನಿಯ ಅಂಗಡಿ ಪೇಟೆಯಲ್ಲಿತ್ತು. ಅದನ್ನು ನಡೆಸುವವನು ಹುಬ್ಬಳ್ಳಿಯವನು, ನಮ್ಮ ಕಡೆಯವನೇ. ಬಾಯಿ ತುಂಬ ಅಕ್ಕಾರ, ಅಕ್ಕಾರ ಎನ್ನುತ್ತಿದ್ದ. ಪಂಚಮಿಗೆ ಅಣ್ಣ ತಮ್ಮಂದಿರಿಗೆ ಉಂಡಿ ಕಟ್ಟುವಾಗ ಅವನ ಪಾಲಿನದೂ ಕಟ್ಟಿ ಕೊಟ್ಟು ಬಂದಿದ್ದೆ, ಹಾಳಾದವನಿಗೆ! ಅವನು ಒಂದು ದಿನ ಫೋನ್ ಮಾಡಿ, ಕಂಪನಿಯವರು ಹೆಣ್ಣುಮಕ್ಕಳಿಗಾಗಿ ಚೀಟಿ ಎತ್ತಿದ್ದರಲ್ಲಿ ನನಗೆ ಹಾಟ್ ಬಾಕ್ಸ್ ಬಂದಿದೆ ಎಂದ. ನಾನು ಇಳಕಲ್ ಸೀರೆ ಉಟ್ಟು ಹೋಗಿ ಇಸಿದುಕೊಂಡು ಬಂದೆ.

ಮರುದಿನ ಓಣಿಯವರು ಬಂದು, ‘ನಿನ್ನ ಫೋಟೋ ಬೋರ್ಡಿಗೆ ಹಚ್ಯಾರ ನೋಡು’ ಎಂದರು. ಹೋಗಿ ನೋಡಿದೆ. ಅಂಗಡಿಯ ಮುಂದೆ ಗಾಜಿನ ಬೋರ್ಡಿನಲ್ಲಿ ‘ಅದೃಷ್ಟವಂತ ಗೃಹಿಣಿಯರು’ ಎಂದು ಬರೆದು ಬಹುಮಾನ ಬಂದ ನಮ್ಮೆಲ್ಲರ ಫೋಟೋ ಅಂಟಿಸಿದ್ದರು. ಸಿಮ್ ತಗೊಳ್ಳುವಾಗ ನಾನು ಕೊಟ್ಟ ಫೋಟೋ. ಅದರ ಕೆಳಗೆ ಹೆಸರು, ಗಂಡನ ಹೆಸರು, ಓಣಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಮೊಬೈಲ್ ನಂಬರು. ನಾನು ಎಂಥ ಪೆದ್ದಿ ನೋಡಿ, ಅದರ ಮುಂದೆ ನಿಂತು ಹಿಗ್ಗಿದೆ! ನಮ್ಮ ಮನೆಯವರೂ ಪಾಳಿ ಮುಗಿಸಿ ಗೆಳೆಯರನ್ನು ಕರೆದುಕೊಂಡು ಹೋಗಿ ತೋರಿಸಿದರು. ಫೋಟೋ ನೋಡಿದವರು ನಂಬರನ್ನೂ ನೋಡುತ್ತಾರೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಸಂಜೆಯಿಂದಲೇ ಶುರುವಾಯಿತು. ಎತ್ತಿದರೆ ಮಾತಿಲ್ಲ, ಬರೀ ಉಸಿರು. ಒಬ್ಬ ‘ಫೋಟೋದಾಗ ಭಾಳ ಚಂದ ಕಾಣ್ತೀರಿ’ ಎಂದ. ಇನ್ನೊಬ್ಬ ಸಿನಿಮಾ ಹಾಡು ಹಾಡಿದ. ಬೈದರೆ ಅವರಿಗೆ ಇನ್ನಷ್ಟು ಖುಷಿ. ಆಮೇಲೆ ಮಿಸ್ ಕಾಲುಗಳು. ನಾವು ಸಂಸಾರ ಕಟ್ಟಿಕೊಂಡಿದ್ದ ಆ ಪುಕ್ಕಟೆ ಭಾಷೆಯನ್ನು ಊರ ಪೋಕರಿಗಳೆಲ್ಲ ಆಡತೊಡಗಿದರು. ಒಲೆಯ ಮೇಲೆ ಚಹ ಇಟ್ಟು ಕಾದರೆ ಗಂಡನ ಸುದ್ದಿಯೇ ಇಲ್ಲ. ಅವರದೆಂದು ನಾನು ತಿಳಿದ ರಿಂಗು, ಅದೇ ಕೆಂಪು ಡಬ್ಬಿಯಿಂದ ಇನ್ಯಾವನೋ ಕೊಟ್ಟದ್ದು.

ಅಂಗಡಿಗೆ ಹೋಗಿ ಬೋರ್ಡ್ ತೆಗೆಸು ಎಂದೆ.

‘ಹಬ್ಬ ಮುಗೀಲಿ ಅಕ್ಕಾರ. ಮ್ಯಾಲಿನವರು ಹಚ್ಚು ಅಂದಾರ, ನಾ ಹೆಂಗ ತೆಗೀಲಿ?’

‘ನಿನ್ನ ಹೆಂಡ್ತಿ ನಂಬರ್ ಹಚ್ಚೋ ಹಂಗಾರ ಅಲ್ಲಿ!’

‘ಸಿಟ್ಟಿಗೇಳಬ್ಯಾಡ್ರಿ. ಬೇಕಾದ್ರ ಹೊಸ ಸಿಮ್ ತಗೋರಿ, ಕಮ್ಮಿ ಮಾಡಿ ಕೊಡ್ತೇನಿ.’

ಉಂಡಿ ತಿಂದ ಬಾಯಿ ಅದು! ನಾನು ನಂಬರ್ ಬದಲಿಸಿದರೆ ಜೊಯಿಡಾದಲ್ಲಿ ತುಂಬು ಬಸುರಿ ಯಾವ ನಂಬರಿಗೆ ಮಾಡಬೇಕು? ಅಕ್ಕ ಬಂದು ಮನೆ ಸೇರುವವರೆಗೆ ಇದನ್ನೇ ಹಲ್ಲು ಕಚ್ಚಿ ಸಹಿಸುವುದೆಂದು ತೀರ್ಮಾನಿಸಿದೆ.

ಮನೆಯಲ್ಲಿ ಬೇರೆ ತರಹ ಶುರುವಾಗಿತ್ತು. ಮಿಲ್ಲಿನಲ್ಲಿ ಯಾರೋ ‘ನಿನ್ನ ಹೆಂಡ್ತಿ ಫೋನ್ ಭಾಳ ಬಿಜಿ ಇರ್ತೈತಲ್ಲೋ’ ಎಂದು ನಕ್ಕರಂತೆ. ಅವತ್ತಿನಿಂದ ನಮ್ಮ ಮನೆಯವರು ನನ್ನ ಕಣ್ಣು ತಪ್ಪಿಸಿ ಫೋನ್ ತೆಗೆದು ನೋಡತೊಡಗಿದರು. ‘ಯಾರದಿದು? ಇದ್ಯಾರದು?’ ಎಂದು ಕೇಳುವರು. ‘ಬೋರ್ಡ್ ತೋರಿಸಾಕ ಮಂದೀನ ಕರಕೊಂಡು ಹೋದವರು ನೀವ ಅಲ್ಲೇನ್ರಿ, ಅವರನ್ನ ಕೇಳ್ರಿ’ ಎಂದರೆ ಮುಖ ಗಂಟು ಹಾಕಿಕೊಂಡು ಮಲಗಿಬಿಡುವರು.

ಆ ದಿನ ಅವರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದ್ದರು. ನಾನು ಫೋನನ್ನು ಅವರ ತಲೆದೆಸೆಯಲ್ಲಿಟ್ಟು, ಹೊಲಿದ ಬ್ಲೌಸುಗಳನ್ನು ಕೊಡಲು ಹೋದೆ. ಬಂದು ನೋಡಿದರೆ ಫೋನ್ ಮೂಕವಾಗಿತ್ತು. ಅವರೇ ಸೈಲೆಂಟ್ ಮಾಡಿ ದಿಂಬಿನ ಕೆಳಗೆ ತುರುಕಿದ್ದರು. ನಿದ್ದೆ ಕೆಟ್ಟೀತೆಂದು ಮಾಡಿರಬೇಕು ಎಂದುಕೊಂಡೆ. ತೆಗೆದು ನೋಡಿದೆ. ಆ ಕಾಲದ ಫೋನು ಕೊನೆಯ ಹತ್ತು ಮಿಸ್ ಕಾಲುಗಳನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಹೊಸದೊಂದು ಬಂದರೆ ಹಳೆಯದೊಂದು ಬಿದ್ದುಹೋಗುತ್ತಿತ್ತು. ಹತ್ತೂ ಯಾವ್ಯಾವುದೋ ಮೊಬೈಲಿನವು, ಜೊಯಿಡಾದ್ದು ಒಂದೂ ಇಲ್ಲ. ನಾನು ನಿಶ್ಚಿಂತೆಯಿಂದ ಅಕ್ಕಿ ಆರಿಸಲು ಕೂತೆ.

ಅಕ್ಕ ಅದೇ ಹೊತ್ತಿನಲ್ಲಿ ಜೊಯಿಡಾದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬ್ಯಾಗ್ ಹಿಡಿದು ಕೂತಿದ್ದಳು. ಎಂಟು ತುಂಬಿದ್ದಷ್ಟೇ, ಬೆಳಿಗ್ಗೆ ನೋವು ಶುರುವಾಗಿತ್ತು. ಅವಳು ಯಾವಾಗಲೂ ಮಾಡುವ ಬೂತು ಮುಚ್ಚಿತ್ತೆಂದು ಚಹದಂಗಡಿಯ ಕೆಂಪು ಡಬ್ಬಿಯಿಂದ ಮೂರು ಸಲ ಮಾಡಿದ್ದಳು. ಮೂರಾದವು, ಇನ್ನು ಗಾಡಿ ಬರುತ್ತದೆ. ದಾಂಡೇಲಿಯ ಬಸ್ಸು ಅವಳ ಕಣ್ಣೆದುರೇ ಬಂದು ನಿಂತಿತು. ಪಕ್ಕದ ಮನೆಯಾಕೆ ಹತ್ತು ಎಂದು ಕೈ ಹಿಡಿದು ಎಳೆದಳಂತೆ. ‘ನಮ್ಮ ತಂಗಿ ಗಾಡಿ ಕಳಸ್ಯಾಳ. ನಾ ಬಸ್ಸಿನ್ಯಾಗ ಹೋದ್ರ ಅವರು ಇಲ್ಲಿ ಹುಡುಕ್ಯಾಡ್ತಾರ’ ಎಂದು ಅಕ್ಕ ಕೂತೇ ಇದ್ದಳು. ಬಸ್ಸು ಹೋಯಿತು.

ಹೊತ್ತು ಮುಳುಗುವಾಗ ಬಿದಿರಿನ ಲಾರಿಯೊಂದು ಅವಳನ್ನು ದಾಂಡೇಲಿಗೆ ತಂದಿತು. ಮಗು ಹುಟ್ಟಿತು, ಅಳಲಿಲ್ಲ. ಗಂಡು ಕೂಸು.

ಆಸ್ಪತ್ರೆಯ ಹೊರಗಿನ ಮರದ ಕೆಳಗೆ ನಮ್ಮ ಮನೆಯವರು ನನ್ನ ಕೈ ಹಿಡಿದು ಅತ್ತರು. ‘ಮೂರು ಸಲ ಬಂದಿತ್ತು. ನಾ ಎಚ್ಚರ ಇದ್ದೆ. ಒಂದ ನಂಬರಿಂದ ಮೂರು ಸಲ. ಜೊಯಿಡಾ ಕಡೀದು ಅಂತ ಗೊತ್ತಾತು, ಆದ್ರ ನಿಮ್ಮ ಅಕ್ಕನ ಬೂತಿನ ನಂಬರ್ ಅಲ್ಲ. ಜೊಯಿಡಾದ ಮಟಾ ಮುಟ್ಟೇತೇನು ನಿನ್ನ ನಂಬರು ಅಂದ್ಕೊಂಡು ಸೈಲೆಂಟ್ ಮಾಡಿ ದಿಂಬಿನ ಕೆಳಗ ತುರುಕಿದೆ.’

ಏನು ಹೇಳಲಿ ಅವರಿಗೆ? ಅಳುವವರನ್ನು ಹೊಡೆಯಲಾಗುತ್ತದೆಯೇ? ನನ್ನ ಸಿಟ್ಟನ್ನೆಲ್ಲ ನಾನು ಕಂಪನಿಯ ಮೇಲೆ ತಿರುಗಿಸಿದೆ. ನಂಬರ್ ಬೀದಿಗೆ ಹಾಕಿದವರು ಅವರು, ನನ್ನನ್ನು ಕೇಳದೆ ಹಾಕಿದವರು. ಆ ಕೂಸಿಗೆ ಅವರು ಉತ್ತರ ಕೊಡಬೇಕು.

ಬೋರ್ಡು ಆಮೇಲೆ ತಾನಾಗಿಯೇ ಮಾಯವಾಯಿತು. ಕಂಪನಿಗೆ ಬರೆದರೆ, ಸಮಾಧಾನಕ್ಕೆಂದು ನನಗೆ ಪುಕ್ಕಟೆ ಟಾಕ್‌ಟೈಮ್ ಹಾಕಿಕೊಡುತ್ತೇವೆ ಎಂದರು. ಮಾತಾಡುವುದಕ್ಕೆ! ನಾನು ಕಾರವಾರದ ಗ್ರಾಹಕರ ವೇದಿಕೆಗೆ ದೂರು ಕೊಟ್ಟೆ. ವಕೀಲರು ಬೇಡ, ನೀವೇ ಹೇಳಬಹುದು ಎಂದಿದ್ದರು. ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ.

ಹಲವು ತಾರೀಖುಗಳು ಮುಂದೆ ಮುಂದೆ ಹೋಗಿ, ಕಡೆಗೊಮ್ಮೆ ನಮ್ಮ ಮಾತು ಕೇಳುವ ದಿನ ಬಂತು. ದಾಂಡೇಲಿಯಿಂದ ಕಾರವಾರದ ಬಸ್ಸಿಗೆ ನಾವಿಬ್ಬರೂ ಹತ್ತಿದೆವು, ಜೊಯಿಡಾದಲ್ಲಿ ಅಕ್ಕ ಹತ್ತಿದಳು. ನನ್ನ ಮಡಿಲಲ್ಲಿ ಹಾಟ್ ಬಾಕ್ಸ್. ಅಣಶಿ ಘಟ್ಟ ಇಳಿಯುವಾಗ ಅಕ್ಕ ಒಂದೇ ಮಾತು ಹೇಳಿದಳು. ‘ರೊಕ್ಕ ನನಗ ಬ್ಯಾಡ. ನಾ ಫೋನ್ ಮಾಡಿದ್ದೆ ಅಂತ ಅವರು ಒಪ್ಪಿಕೊಂಡ್ರ ಸಾಕು. ಊರಾಗೆಲ್ಲ, ಬಸ್ ಬಿಟ್ಟು ಕೂಸು ಕಳಕೊಂಡಾಕಿ ಅಂತಾರ ನನಗ.’

ಕಂಪನಿಯ ವಕೀಲರು ಕೋಟು ಸರಿಮಾಡಿಕೊಂಡು ಎದ್ದು ನಿಂತರು. ‘ಇವರೇ ಬಂದು ಬಹುಮಾನ ತೆಗೆದುಕೊಂಡಿದ್ದಾರೆ ಸ್ವಾಮಿ, ಸಂತೋಷವಾಗಿಯೇ ತೆಗೆದುಕೊಂಡಿದ್ದಾರೆ’ ಎಂದರು.

ನಾನು ಹಾಟ್ ಬಾಕ್ಸನ್ನು ತೆಗೆದು ಮೇಜಿನ ಮೇಲೆ ಕುಕ್ಕಿದೆ. ‘ಡಬ್ಬಿ ಇಸ್ಕೊಂಡೇನ್ರಿ ಸಾಹೇಬ್ರ. ನನ್ನ ನಂಬರ್ ಗ್ವಾಡಿಗೆ ಹಚ್ಚ್ರಿ ಅಂತ ಹೇಳಿಲ್ಲ!’ ಎಂದೆ. ವೇದಿಕೆಯ ಅಧ್ಯಕ್ಷರು ಹೌದೆಂಬಂತೆ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯಿಂದ ನನಗೆ ಆನೆಬಲ ಬಂತು.

ಅಕ್ಕ ಎದ್ದು ನಿಂತು, ಸೆರಗು ಹೊದ್ದುಕೊಂಡು, ಮೂರು ಸಲ ಮಾಡಿದ್ದನ್ನೂ ಬಸ್ಸು ಬಿಟ್ಟದ್ದನ್ನೂ ಹೇಳಿದಳು.

ವಕೀಲರು ಮೆಲ್ಲಗೆ ಹೇಳಿದರು. ‘ಪಾಪ, ದುಃಖದ ವಿಷಯ. ಆದರೆ ಆ ದಿನ ಜೊಯಿಡಾದಿಂದ ಈ ನಂಬರಿಗೆ ಕರೆ ಬಂದದ್ದು ನಮ್ಮಲ್ಲಿ ಎಲ್ಲೂ ಇಲ್ಲ. ಎತ್ತದ ಫೋನಿಗೆ ಕಂಪನಿಯಲ್ಲಿ ಲೆಕ್ಕ ಇರುವುದಿಲ್ಲ.’

ನನ್ನ ಫೋಟೋ ಇಟ್ಟುಕೊಂಡಿದ್ದರು, ಗಂಡನ ಹೆಸರು ಇಟ್ಟುಕೊಂಡಿದ್ದರು, ಓಣಿ ಇಟ್ಟುಕೊಂಡಿದ್ದರು. ಅಕ್ಕನ ಮೂರು ಕರೆ ಮಾತ್ರ ಅವರಲ್ಲಿ ಇರಲಿಲ್ಲ. ನನ್ನ ಫೋನಿನಲ್ಲೂ ಇರಲಿಲ್ಲ.

‘ಆ ದಿನ ಫೋನ್ ಯಾರ ಹತ್ತಿರ ಇತ್ತು?’ ಎಂದು ಅಧ್ಯಕ್ಷರು ಕೇಳಿದರು.

‘ನಮ್ಮ ಮನೆಯವರ ಹತ್ರ ಇತ್ರಿ. ಅವರು ನೋಡ್ಯಾರ’ ಎಂದು ನಾನು ಧೈರ್ಯವಾಗಿ ಹೇಳಿದೆ.

ಅವರು ಎದ್ದು ನಿಂತರು. ಹೌದು ಎಂಬ ಒಂದು ಮಾತು ಬೇಕಿತ್ತು. ಅಕ್ಕ ಅವರನ್ನೇ ನೋಡುತ್ತಿದ್ದಳು. ಅವರು ಫ್ಯಾನು ನೋಡಿದರು, ವಕೀಲರನ್ನು ನೋಡಿದರು, ಹಿಂದೆ ಕೂತ ಮಂದಿಯನ್ನು ನೋಡಿದರು.

‘ಇಲ್ರಿ ಸಾಹೇಬ್ರ. ನಾ ಮಲಗಿದ್ದೆ. ನೋಡಿಲ್ರಿ.’

ಆಮೇಲೆ ಅಲ್ಲಿ ಯಾರು ಏನು ಮಾತಾಡಿದರೋ ನೆನಪಿಲ್ಲ. ಒಪ್ಪಿಗೆಯಿಲ್ಲದೆ ನಂಬರ್ ಹಚ್ಚಿದ್ದು ತಪ್ಪು, ಅದಕ್ಕೆ ಪರಿಹಾರ ಕೊಡಬೇಕು, ಕೂಸಿನ ವಿಷಯಕ್ಕೆ ಪುರಾವೆಯಿಲ್ಲ ಎಂದು ಮುಂದೆ ಆದೇಶ ಬಂತು. ನಾನು ಗೆದ್ದೆ ಎಂದು ಓಣಿಯವರು ಪೇಢೆ ಕೇಳಿದರು.

ಆ ದಿನ ವಾಪಸ್ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. ನಾನು ನಮ್ಮ ಮನೆಯವರನ್ನು ಕೇಳಿದೆ. ‘ಯಾಕ್ರಿ?’

‘ಅಷ್ಟು ಮಂದಿ ಮುಂದ ಹೆಂಡ್ತಿ ಮ್ಯಾಲ ಸಂಶಯ ಬಂದು ಫೋನ್ ಬಾಯಿ ಮುಚ್ಚಿದ್ದೆ ಅಂತ ಹೆಂಗ ಹೇಳ್ಲಿ? ನಿನ್ನ ಮರ್ಯಾದಿನೂ ಹೋಗ್ತಿತ್ತು.’

ನನ್ನ ಮರ್ಯಾದೆಯಂತೆ! ಕಂಪನಿಯವರು ಪರರು. ಅವರು ಮಾಡಿದ್ದು ದ್ರೋಹ ಎನ್ನಲೂ ಒಂದು ಸಂಬಂಧ ಬೇಕು. ಇದು ಮನೆಯೊಳಗಿನವರು ಮಾಡಿದ್ದು.

ಜೊಯಿಡಾದಲ್ಲಿ ಅಕ್ಕನ ಬ್ಯಾಗ್ ಇಳಿಸಿಕೊಡಲು ಅವರೇ ಇಳಿದರು. ಅಕ್ಕ ಬ್ಯಾಗ್ ತೆಗೆದುಕೊಂಡು ಅವರ ಮುಖ ನೋಡಿ ಕೇಳಿದಳು. ‘ಹಂಗಂದ್ರ ನಾ ಫೋನ್ ಮಾಡೇ ಇಲ್ಲೇನ್ರಿ?’

ಅವರು ತಿರುಗಿ ಬಸ್ಸಿನ ಮೆಟ್ಟಿಲು ಹತ್ತಿದರು. ಕಂಡಕ್ಟರ್ ಸೀಟಿ ಊದಿದ.

ಅಕ್ಕ ಆಮೇಲೆ ಯಾವತ್ತೂ ಮಿಸ್ ಕಾಲ್ ಕೊಡಲಿಲ್ಲ. ನಾಣ್ಯ ಹಾಕಿ, ‘ನಾನು, ಅಕ್ಕ’ ಎಂದು ಮೊದಲು ತನ್ನ ಗುರುತು ಹೇಳಿ ಮಾತು ಶುರು ಮಾಡುತ್ತಿದ್ದಳು. ಪರಿಹಾರದ ದುಡ್ಡನ್ನು ಅವಳಿಗೆ ಕೊಡಲು ಹೋದೆ, ಮುಟ್ಟಲಿಲ್ಲ.

ನಮ್ಮ ಮನೆಯವರು ಮಾತ್ರ ಏನೂ ಆಗಿಲ್ಲವೆಂಬಂತೆ ಮಿಲ್ಲಿನ ಗೇಟಿನಿಂದ ಚಹದ ಮಿಸ್ ಕಾಲ್ ಕೊಡುತ್ತಲೇ ಇದ್ದರು. ನಾನು ಮೊದಲ ರಿಂಗಿಗೇ ಎತ್ತುತ್ತಿದ್ದೆ. ಅವರು ಜೇಬು ತಡಕಿ ನಾಣ್ಯ ಹಾಕುವವರೆಗೆ ಕಾದು, ಅವರ ದನಿ ಬಂದ ಮೇಲೆ, ಪ್ರತಿ ಸಲವೂ ಕೇಳುತ್ತಿದ್ದೆ. ‘ಯಾರ್ರಿ ಮಾತಾಡೂದು?’