ಉಬ್ಬಿದ ಕೆನ್ನೆ, ಸಿನಿಮಾ ಹಾಡು

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಗಾದೆ ಇದೆಯಲ್ಲ, ನನ್ನ ವಿಷಯದಲ್ಲಿ ಅದೂ ಸುಳ್ಳಾಯಿತು. ಮದುವೆಯೂ ಆಯಿತು, ಗಂಡನ ಹುಚ್ಚೂ ಬಿಡಲಿಲ್ಲ. ಆ ಹುಚ್ಚಿನ ಹೆಸರು ಸ್ಯಾಕ್ಸೋಫೋನ್.

ಇವರು ಬಹ್ರೈನಿನ ಹೋಟೆಲೊಂದರ ಬ್ಯಾಂಡಿನಲ್ಲಿ ಊದುತ್ತಿದ್ದವರು. ಅಲ್ಲಿ ಪಿಯಾನೋ ನುಡಿಸುತ್ತಿದ್ದ ಗೆಳೆಯನೊಬ್ಬ ಇವರಿಗೆ ಫ್ರೀ ಜಾಝ್ ಎಂಬ ಸಂಗೀತದ ರುಚಿ ಹಚ್ಚಿಸಿದ. ರಾಗ ಬೇಡ, ತಾಳ ಬೇಡ, ಮುಂದೆ ಎಂತ ಬರುತ್ತದೆ ಎಂದು ಊದುವವನಿಗೂ ಗೊತ್ತಿರಬಾರದು. ಎರಡು ಸಾವಿರದ ಒಂದರಲ್ಲಿ ಕೆಲಸ ಬಿಟ್ಟು ಊರಿಗೆ ಬಂದಾಗ ಉಳಿದವರ ಹಾಗೆ ಟಿ.ವಿ., ಕಂಬಳಿ, ಸೆಂಟು ತರಲಿಲ್ಲ, ಆ ಹುಚ್ಚನ್ನೇ ತಂದರು. ಕಾಸರಗೋಡಿನ ಮೂಲೆಯ ನಮ್ಮ ಮೀಂಜದಲ್ಲಿ ಫ್ರೀ ಜಾಝ್! ಕೋಣನ ಮುಂದೆ ಕಿನ್ನರಿ ಎನ್ನೋಣವೆಂದರೆ, ಕಿನ್ನರಿಯಾದರೂ ಕೇಳಲಿಕ್ಕೆ ಇಂಪಾಗಿರುತ್ತದೆ. ಇದು ಬಾವಿಯ ಕಲ್ಲಿಗೆ ಕೊಡಪಾನ ಉಜ್ಜಿಕೊಂಡು ಮೇಲೆ ಬಂದ ಹಾಗೆ.

ಊರಿನ ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಬ್ಯಾಂಡ್ ಸೇರಿದರು. ಮದುವೆ, ಹಬ್ಬ, ಸಾವು, ಎಲ್ಲದಕ್ಕೂ ಬ್ಯಾಂಡ್ ಬೇಕು. ಮದುಮಗಳನ್ನು ಮನೆಯಿಂದ ಇಗರ್ಜಿಗೆ ಕರೆದೊಯ್ಯುವಾಗ ಎಲ್ಲರ ಜೊತೆ ಸರಿಯಾಗಿಯೇ ಶುರು ಮಾಡುತ್ತಿದ್ದರು. ಅರ್ಧ ದಾರಿಯಲ್ಲಿ ಒಂದು ಆಡು ಕೂಗಿತೋ, ಯಾರೋ ಗಟ್ಟಿಯಾಗಿ ನಕ್ಕರೋ, ಮುಗಿಯಿತು ಕಥೆ. ಅದನ್ನು ಹಿಡಿದುಕೊಂಡು ಎಲ್ಲಿಗೋ ಹೋಗಿಬಿಡುತ್ತಿದ್ದರು. ನನ್ನನ್ನು ಕಂಡವರು, "ಟೀಚರೇ, ನಿಮ್ಮ ಯಜಮಾನರು ಇವತ್ತು ಪುನಃ ಗುಡ್ಡೆ ಹತ್ತಿದರು," ಎಂದು ನಗಾಡುತ್ತಿದ್ದರು. ಕನ್ನಡ ಶಾಲೆಯ ಟೀಚರಾದ ನಾನು ಮಕ್ಕಳಿಗೆ ಸುಮ್ಮನಿರಿ ಎಂದು ಹೇಳಬಲ್ಲೆ, ಊರಿಗೆ ಹೇಳಲಾಗುತ್ತದೆಯೇ?

ಇವರನ್ನು ಬಿಟ್ಟುಕೊಡದಿದ್ದವರು ಬ್ಯಾಂಡ್ ಮಾಸ್ಟ್ರು ಒಬ್ಬರೇ. "ಅವ ಹೋಗಲಿ. ನಾವು ರಸ್ತೆಯಲ್ಲೇ ಇರುವ. ತಿರುಗಿ ಬರ್ತಾನೆ," ಎನ್ನುತ್ತಿದ್ದರು. ಇವರು ಬರುತ್ತಲೂ ಇದ್ದರು, ಇಗರ್ಜಿಯ ಬಾಗಿಲಿಗೆ ತಲುಪುವಷ್ಟರಲ್ಲಿ.

ರೆಕಾರ್ಡಿಂಗಿಗೆಂದು ಇವರು ಸ್ಟುಡಿಯೋ ಹೊಕ್ಕದ್ದು ಒಂದೇ ಸಲ. ಮಂಗಳೂರಿನಲ್ಲಿ ಯಾರೋ ಕೊಂಕಣಿ ಭಕ್ತಿಗೀತೆಗಳ ಕ್ಯಾಸೆಟ್ ಮಾಡುತ್ತಿದ್ದರು, ಚರಣಗಳ ನಡುವೆ ಸ್ವಲ್ಪ ಸ್ಯಾಕ್ಸೋಫೋನ್ ಬೇಕಿತ್ತು. ಇವರು ಕಣ್ಣು ಮುಚ್ಚಿ, ಜೀವ ಕೊಟ್ಟು ಊದಿದರು. ಮುಗಿದ ಮೇಲೆ ಗಾಜಿನ ಆಚೆ ಕುಳಿತವನು ಬಹಳ ಮರ್ಯಾದೆಯಿಂದ ಕೇಳಿದನಂತೆ, "ಸರ್, ಟ್ಯೂನಿಂಗ್ ಆಯ್ತಾ? ಇನ್ನು ಶುರು ಮಾಡುವಾ?" ಕೊನೆಗೆ ಆ ಜಾಗಕ್ಕೆ ಕೀಬೋರ್ಡ್ ಹಾಕಿದರು. ಕ್ಯಾಸೆಟ್ಟಿನ ಕವರಿನಲ್ಲಿ ಇವರ ಹೆಸರು ಬಂತು, ಒಳಗೆ ಇವರ ಉಸಿರೂ ಇರಲಿಲ್ಲ. ಅದನ್ನು ಶೋಕೇಸಿನಲ್ಲಿಟ್ಟು ನಾವಿಬ್ಬರೂ ಬೇಕಾದಷ್ಟು ನಕ್ಕಿದ್ದೇವೆ.

"ಮನೆಯಲ್ಲೇ ಊದಿ, ಟೇಪ್ ಮಾಡಿ ಇಡುವ," ಎಂದು ನಾನು ಎಷ್ಟೋ ಸಲ ಹೇಳಿದೆ. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಒಬ್ಬನೇ ಕೂತು ಎಂತ ಊದುವುದು ಮಾರಾಯ್ತಿ? ಯಾರಾದರೂ ಎಂತಾದರೂ ಹೇಳಬೇಕಲ್ಲ, ನಾನು ಉತ್ತರ ಕೊಡ್ಲಿಕ್ಕೆ," ಎನ್ನುತ್ತಿದ್ದರು.

ಹೀಗೆ ಹತ್ತು ಹನ್ನೆರಡು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಇವರು ಕುಡಿದ ಚಹಾ ಬಾಯಿಯ ಬಲಗಡೆಯಿಂದ ಬನಿಯನ್ನಿನ ಮೇಲೆ ಇಳಿಯಿತು. "ಎಂತ ಇದು ಮಕ್ಕಳ ಹಾಗೆ?" ಎಂದು ಬೈಯುತ್ತಾ ನೋಡಿದರೆ, ಅರ್ಧ ಮುಖ ನನ್ನನ್ನು ನೋಡಿ ನಗುತ್ತಿತ್ತು, ಇನ್ನರ್ಧ ಸುಮ್ಮನಿತ್ತು. ಮಂಗಳೂರಿಗೆ ಓಡಿದೆವು. ಮುಖದ ನರಕ್ಕೆ ಪೆಟ್ಟು ಬಿದ್ದಿದೆ, ಹೆಚ್ಚಿನವರಿಗೆ ಸರಿಹೋಗುತ್ತದೆ, ಕೆಲವರಿಗೆ ಪೂರ್ತಿ ಆಗುವುದಿಲ್ಲ ಎಂದರು ಡಾಕ್ಟರು. ಆ ಕೆಲವರಲ್ಲಿ ಇವರೇ ಇರಬೇಕಿತ್ತೇ, ದೇವರೇ! ಬೆಲೂನ್ ಊದಿಸಿದೆ, ಎಣ್ಣೆ ತಿಕ್ಕಿದೆ, ಹರಕೆ ಹೇಳಿದೆ. ಮಾತು ಬಂತು, ಊಟ ಸರಿಯಾಯಿತು. ಸ್ಯಾಕ್ಸೋಫೋನಿನ ಬಾಯಿಗೆ ತುಟಿ ಕೊಟ್ಟರೆ ಮಾತ್ರ ಗಾಳಿಯೆಲ್ಲ ಬಲಗಡೆಯಿಂದ ಹೊರಗೆ. ಅದಕ್ಕೆ ಔಷಧವೇ ಇರಲಿಲ್ಲ.

ಆಮೇಲೆ ಇವರು ಜಗಲಿಯಲ್ಲಿ ಕುಳಿತು, ಸ್ಯಾಕ್ಸೋಫೋನನ್ನು ಮಡಿಲಲ್ಲಿಟ್ಟುಕೊಂಡು, ಊದದೆ ಬರೀ ಕೀಲಿಗಳನ್ನು ಒತ್ತುತ್ತಿದ್ದರು. ಟಕ್ ಟಕ್ ಟಕ್ ಎಂಬ ಆ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಒಂದು ದಿನ ಅದೂ ನಿಂತಿತು. ಹೋಗಿ ನೋಡಿದೆ.

"ನಾನು ಊದ್ತಿದ್ದದ್ದು ನಿಜವಾಗಿ ಸಂಗೀತವೇ ಆಗಿತ್ತಾ? ಅಲ್ಲ, ಊರಿನವರು ನಗಾಡಿದ್ದೇ ಸರಿಯಾ? ಒಮ್ಮೆ ಹೊರಗಿಂದ ಕೂತು ಕೇಳಬೇಕಿತ್ತು," ಎಂದರು.

ನನಗೆ ಸಂಗೀತ ಗೊತ್ತಿಲ್ಲ. ಹೌದೆಂದರೆ ಸಮಾಧಾನಕ್ಕೆ ಹೇಳಿದೆ ಎಂದುಕೊಳ್ಳುತ್ತಾರೆ, ಇಲ್ಲವೆಂದು ಹೇಳುವ ನಾಲಗೆ ನನಗಿಲ್ಲ. ಕೇಳಿಸಿಯೇ ಬಿಡುತ್ತೇನೆ ಎಂದು ಹೊರಟೆ. ಊರಿನ ಪ್ರತಿ ಮದುವೆಯಲ್ಲೂ ವಿಡಿಯೋದವನು ಇವರ ಮುಖಕ್ಕೇ ಲೈಟು ಹಿಡಿದದ್ದನ್ನು ನಾನೇ ಕಂಡಿದ್ದೆ. ವಿಡಿಯೋ ಇದ್ದ ಮೇಲೆ ದನಿ ಎಲ್ಲಿಗೆ ಹೋಗುತ್ತದೆ?

ಮೀಂಜದಿಂದ ಕುಂಬ್ಡಾಜೆಯ ತನಕ, ಬ್ಯಾಂಡ್ ಹೋಗಿದ್ದ ಮನೆಗಳಿಗೆಲ್ಲ ಹೋದೆ. ಜ್ಯೂಸು ಕೊಟ್ಟರು, ಸಂತೋಷದಿಂದ ಸಿ.ಡಿ. ಹಾಕಿದರು. ಮದುಮಗಳು ಮೆಟ್ಟಿಲು ಇಳಿಯುತ್ತಾಳೆ, ಬ್ಯಾಂಡ್ ಬರುತ್ತದೆ, ಇವರು ಕಣ್ಣು ಮುಚ್ಚಿ ಕೆನ್ನೆ ಉಬ್ಬಿಸುತ್ತಾರೆ, ಅಗೋ ಈಗ, ಎನ್ನುವಾಗ ಕೇಳುವುದು ಒಂದು ಹಿಂದಿ ಸಿನಿಮಾದ ಹಾಡು! ಇನ್ನೊಂದು ಮನೆಯಲ್ಲಿ ಮಲಯಾಳ ಸಿನಿಮಾದ್ದು. ಎಲ್ಲ ವಿಡಿಯೋದವರೂ ನಿಜವಾದ ಶಬ್ದವನ್ನು ಒರೆಸಿ, ಮೇಲಿಂದ ಹಾಡು ಹಾಕಿಬಿಟ್ಟಿದ್ದರು. ಅದೇ ಚಂದ ಎಂದು ಮನೆಯವರೇ ಹೇಳಿ ಹಾಕಿಸುತ್ತಿದ್ದರಂತೆ. ಎಂತ ಸಾವು ಮಾರ್ರೆ ಇದು! ಮನೆ ಮನೆಯಲ್ಲಿ ನನ್ನ ಗಂಡ ಇದ್ದಾರೆ, ಒಂದು ಮನೆಯಲ್ಲೂ ಅವರ ದನಿ ಇಲ್ಲ. ಬಸ್ಸಿನಲ್ಲಿ ಕೂತು ನಗಬೇಕೋ ಅಳಬೇಕೋ ತಿಳಿಯದೆ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಒಮ್ಮೆ ಬಸ್ಸಿನಲ್ಲೇ ಹೊಳೆಯಿತು, ಸಾವಿನ ವಿಡಿಯೋಕ್ಕೆ ಯಾರೂ ಸಿನಿಮಾ ಹಾಡು ಹಾಕುವುದಿಲ್ಲ. ಇವರ ಮುಖ ವಾಲುವ ಮೊದಲೇ ಬ್ಯಾಂಡ್ ಮಾಸ್ಟ್ರು ತೀರಿಹೋಗಿದ್ದರು; ಆಗ ದುಬೈಯಲ್ಲಿದ್ದ ಅವರ ಮಗನಿಗೆ ರಜೆ ಸಿಗದೆ, ಅವನು ನೋಡಲಿ ಎಂದು ವಿಡಿಯೋ ತೆಗೆಸಿದ್ದರು. ಶವ ಎತ್ತುವಾಗ ಇವರು ಒಬ್ಬರೇ ತುಂಬಾ ಹೊತ್ತು ಊದಿದ್ದು ನೆನಪಿತ್ತು. ನಾನು ಒಳಗೆ ಮಾಸ್ಟ್ರ ಹೆಂಡತಿಯನ್ನು ಹಿಡಿದುಕೊಂಡಿದ್ದೆ, ಅವರ ಅಳು ಬಿಟ್ಟರೆ ಬೇರೇನೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಮಾಸ್ಟ್ರ ಹೆಂಡತಿ ಸಿ.ಡಿ.ಯನ್ನು ಕಪಾಟಿನಿಂದ ತೆಗೆದು ಕೊಟ್ಟರು. ಮಗ ತನ್ನ ಪ್ರತಿಯನ್ನು ನೋಡಲಾರದೆ ಬಿಸಾಡಿದನಂತೆ, ತಾಯಿಯಂತೂ ಒಮ್ಮೆಯೂ ನೋಡಿರಲಿಲ್ಲ. ಟಿ.ವಿ.ಗೆ ಹಾಕಿದೆವು. ಇವರ ದನಿ ಇತ್ತು! ನಿಜವಾದ ದನಿ. ಅದರ ಮೇಲೆಯೇ, ಅದಕ್ಕೆ ಸುತ್ತಿಕೊಂಡ ಹಾಗೆ, ಆ ತಾಯಿಯ ಅಳು. ಅವರು ತಟ್ಟನೆ ಟಿ.ವಿ. ಆರಿಸಿದರು.

"ಟೀಚರೇ, ದಮ್ಮಯ್ಯ. ನಾನು ಹಾಗೆ ಅತ್ತದ್ದು ಇನ್ನು ಯಾರೂ ಕೇಳುವುದು ಬೇಡ. ನನ್ನ ಅಳು ತೆಗೆಸಿ, ಉಳಿದದ್ದನ್ನು ನೀವು ಇಟ್ಟುಕೊಳ್ಳಿ. ಸಿ.ಡಿ. ನನಗೆ ತಂದುಕೊಡಿ."

ಆಯಿತು ಎಂದು ಮಾತು ಕೊಟ್ಟೆ. ಬೇರೆ ಎಂತ ಹೇಳುವುದು? ಅವರ ಅಳು ಅವರದ್ದು.

ಕಾಸರಗೋಡಿನ ಸ್ಟುಡಿಯೋದವರು ಕಂಪ್ಯೂಟರಿನ ಮುಂದೆ ಕೂತು ಬಹಳ ಒದ್ದಾಡಿದರು. "ಅಳು ತೆಗೆಯುವಾಗ ಸ್ಯಾಕ್ಸೋಫೋನೂ ಅಲ್ಲಲ್ಲಿ ಹೋಗ್ತದೆ ಟೀಚರೇ. ಎರಡೂ ಒಂದೇ ಜಾಗದಲ್ಲಿ ಉಂಟು," ಎಂದರು. ಆದಷ್ಟು ಮಾಡಿ ಕೊಟ್ಟರು. ಹಳೆಯ ಸಿ.ಡಿ.ಯನ್ನು ಹಿಂದೆ ಕೊಟ್ಟಾಗ ಮಾಸ್ಟ್ರ ಹೆಂಡತಿ ನನ್ನೆದುರೇ ಅದನ್ನು ಎರಡು ತುಂಡು ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮನೆಗೆ ಬಂದು ಜಗಲಿಯಲ್ಲಿ ಸ್ಪೀಕರ್ ಇಟ್ಟೆ. ಇವರು ಸ್ಯಾಕ್ಸೋಫೋನನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತರು. ಕೇಳಿದರು. ಒಂದು ಎಳೆ ಏರುತ್ತದೆ, ಕಡಿಯುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಒಂದು ಕೂಗು.

"ಅವರೆಲ್ಲಿ?" ಎಂದರು.

"ಯಾರು?"

"ಮಾಸ್ಟ್ರ ಹೆಂಡತಿ. ಅವತ್ತು ಅವರು ಅತ್ತರು, ನಾನು ಆ ಅಳುವಿನ ಹಿಂದೆಯೇ ಊದಿಕೊಂಡು ಹೋದೆ, ಅಷ್ಟೇ. ಅವರು ಉಸಿರು ತೆಗೆದುಕೊಳ್ಳುವಾಗ ನಾನು ಕಾದೆ. ಅವರಿಲ್ಲದೆ ಇದು ಎಂತ? ನಾನೊಬ್ಬನೇ ಬೊಬ್ಬೆ ಹಾಕಿದ ಹಾಗೆ ಉಂಟು. ಊರಿನವರು ಹೇಳಿದ್ದೇ ಸರಿ ಮಾರಾಯ್ತಿ."

ನಾನು ಹಣೆ ಚಚ್ಚಿಕೊಂಡೆ. ಮಾತು ಕೊಟ್ಟ ಕಥೆ ಹೇಳಿದೆ, ಅವರು ತುಂಡು ಮಾಡಿದ್ದನ್ನು ಹೇಳಿದೆ. "ತಪ್ಪಿಲ್ಲ ಬಿಡು, ಅವರು ಮಾಡಿದ್ದು ಸರಿ," ಎಂದು ಇವರೇ ನನ್ನನ್ನು ಸಮಾಧಾನ ಮಾಡಿದರು. ಅದನ್ನು ನನಗೆ ತಡೆಯಲಾಗಲಿಲ್ಲ. ಮುಖ ವಾಲಿದ ದಿನ ಅಳದವಳು, ಆಸ್ಪತ್ರೆಯಲ್ಲಿ ಅಳದವಳು, ಎಲ್ಲರ ಮನೆಯಲ್ಲಿ ಸಿನಿಮಾ ಹಾಡು ಕೇಳಿ ಬಂದಾಗಲೂ ಅಳದವಳು, ಜಗಲಿಯ ಮೆಟ್ಟಿಲಲ್ಲಿ ಕೂತು ಬಾಯಿಬಿಟ್ಟು ಅತ್ತೆ. ದಾರಿಯಲ್ಲಿ ಹೋಗುವವರಿಗೆ ಕೇಳಿಸಿದರೆ ಕೇಳಿಸಲಿ ಎಂದು ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಟಕ್ ಎಂದಿತು. ಮತ್ತೆ ಟಕ್ ಟಕ್. ನಾನು ಬಿಕ್ಕಿದಾಗ ಕೀಲಿಗಳು ನಿಲ್ಲುತ್ತಿದ್ದವು, ದನಿ ಎತ್ತಿದಾಗ ಓಡುತ್ತಿದ್ದವು. ತಿರುಗಿ ನೋಡಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ನಾನು ಅಳು ನಿಲ್ಲಿಸಿದ್ದು ಗೊತ್ತಾಗಿ, ಕಣ್ಣು ತೆರೆಯದೆಯೇ ಹೇಳಿದರು:

"ಇನ್ನೂ ಸ್ವಲ್ಪ ಜೋರು."